ಬೆಂಕಿ ಇಲ್ಲದೆಯೂ ಹೊಗೆ: ಸಿನಿಮಾದವರ ಗಾಳಿಸುದ್ದಿಯಲ್ಲಿ ಯಾವುದನ್ನು ಎಷ್ಟು ನಂಬಬಹುದು?

ಸಿನಿಮಾದವರ ಬಗ್ಗೆ ಏನಾದರೂ ಸುದ್ದಿ ಬಂದರೆ ನಮ್ಮ ಕಡೆ ಎರಡು ಮಾತು ಸದಾ ಸಿದ್ಧ. ‘ಅಯ್ಯೋ, ಅದೆಲ್ಲ ಬರೀ ಓಳು ಬಿಡ್ರಿ’ ಎನ್ನುವುದು ಒಂದು. ‘ಬೆಂಕಿ ಇಲ್ದೆ ಹೊಗೆ ಆಡ್ತದೇನ್ರಿ’ ಎನ್ನುವುದು ಇನ್ನೊಂದು. ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತ ಕೂತವರ ಒಂದೇ ಮೇಜಿನಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಎಷ್ಟೋ ಸಲ ಒಬ್ಬನ ಬಾಯಿಂದಲೇ ಎರಡೂ ಬರುತ್ತವೆ: ತನ್ನ ಹೀರೋನ ಸುದ್ದಿಯಾದರೆ ಓಳು, ಎದುರು ಪಾರ್ಟಿಯ ಹೀರೋನದಾದರೆ ಹೊಗೆ.

ಎರಡೂ ತಲೆ ಓಡಿಸದೆ ಆಡುವ ಮಾತುಗಳೇ. ಗಾಸಿಪ್ಪನ್ನು ಸಾರಾಸಗಟಾಗಿ ನಂಬಬೇಕೋ, ಸಾರಾಸಗಟಾಗಿ ತಳ್ಳಿಹಾಕಬೇಕೋ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಸಾವಿನ ಸುದ್ದಿಯ ಲೆಕ್ಕ ಬೇರೆ, ಮದುವೆ ಸುದ್ದಿಯ ಲೆಕ್ಕ ಬೇರೆ, ಪೊಲೀಸ್ ಠಾಣೆಯಿಂದ ಸೋರಿಬರುವ ಸುದ್ದಿಯ ಲೆಕ್ಕ ಇನ್ನೂ ಬೇರೆ. ಈ ಸುದ್ದಿ ಹಬ್ಬಿದರೆ ಯಾರಿಗೆ ಲಾಭ, ಸುಳ್ಳಾದರೆ ಯಾರ ಕೊರಳಿಗೆ ಬರುತ್ತದೆ ಎಂಬ ಎರಡು ಪ್ರಶ್ನೆಗೆ ಒಂದೊಂದು ಬಗೆಯಲ್ಲೂ ಒಂದೊಂದು ಉತ್ತರ ಇದೆ. ನಂಬಿಕೆಯ ಪ್ರಮಾಣವೂ ಅದರಂತೆಯೇ ಏರಿಳಿಯುತ್ತದೆ.

ಮೊದಲಿಗೆ ಸಾವಿನ ಸುದ್ದಿ. ಹೊರಬಿದ್ದ ಮೊದಲ ಗಂಟೆಯಲ್ಲಿ ಇದರಷ್ಟು ಕೈಕೊಡುವ ಸುದ್ದಿ ಮತ್ತೊಂದಿಲ್ಲ. 2023ರ ಸೆಪ್ಟೆಂಬರ್ 6ರಂದು ನಟಿ ರಮ್ಯಾ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಜಾಲತಾಣಗಳಲ್ಲಿ ಹುಟ್ಟಿ ಗಂಟೆಯೊಳಗೆ ಊರೂರು ಸುತ್ತಿತು. ರಮ್ಯಾ ಆಗ ಜಿನೀವಾದಲ್ಲಿದ್ದರು. ಪತ್ರಕರ್ತೆಯೊಬ್ಬರು ಸಂತಾಪ ಹಾಕುವ ಬದಲು ನೇರ ಫೋನ್ ಮಾಡಿದರು. ಆ ಫೋನಿನಿಂದಲೇ ರಮ್ಯಾಗೆ ಎಚ್ಚರವಾಯಿತಂತೆ, ಅವರು ಮಲಗಿದ್ದರು ಅಷ್ಟೇ. ಅದಕ್ಕೆ ತಿಂಗಳ ಹಿಂದಷ್ಟೇ ನಟ ವಿಜಯ್ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಬ್ಯಾಂಕಾಕಿನಲ್ಲಿ ಹೃದಯಾಘಾತದಿಂದ ಮೃತಪಟ್ಟಿದ್ದರು. ರಮ್ಯಾ ಅವರ ನಿಜನಾಮ ದಿವ್ಯ ಸ್ಪಂದನ. ಹೆಸರಿನ ಗೊಂದಲವೂ ಸುದ್ದಿಗೆ ನೀರೆರೆದಿರಬಹುದು. ಆದರೆ ಗೊಂದಲ ಬಗೆಹರಿಯಲು ಒಂದು ಫೋನ್ ಸಾಕಿತ್ತು, ಅದನ್ನು ಮಾಡುವಷ್ಟು ವ್ಯವಧಾನ ಹೆಚ್ಚಿನವರಿಗೆ ಇರಲಿಲ್ಲ.

ಇದು ಬರೀ ಯೂಟ್ಯೂಬ್ ಹುಡುಗರ ಆತುರ ಎಂದುಕೊಳ್ಳುವಂತಿಲ್ಲ. 2025ರ ನವೆಂಬರ್ 11ರಂದು ಧರ್ಮೇಂದ್ರ ತೀರಿಕೊಂಡರೆಂದು ದೇಶದ ದೊಡ್ಡ ದೊಡ್ಡ ಸುದ್ದಿಸಂಸ್ಥೆಗಳೇ ಹೇಳಿಬಿಟ್ಟವು. ಹೇಮಾ ಮಾಲಿನಿ, ಮಗಳು ಈಶಾ ಇಬ್ಬರೂ ಇದು ಸುಳ್ಳು ಎಂದು ಬಹಿರಂಗವಾಗಿ ಹೇಳಬೇಕಾಯಿತು. ಅವರು ಕಾಲವಾದದ್ದು ನವೆಂಬರ್ 24ರಂದು. 2020ರ ಆಗಸ್ಟ್‌ನಲ್ಲಿ ಇದರ ಉಲ್ಟಾ ನಡೆದಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಕೋವಿಡ್ ನೆಗೆಟಿವ್ ಬಂತು ಎಂದು ಸುದ್ದಿ ಹಬ್ಬಿ, ಜನ ಪಟಾಕಿ ಹೊಡೆಯುವುದೊಂದು ಬಾಕಿ. ಅಷ್ಟರಲ್ಲಿ ಮಗ ಚರಣ್ ಮುಂದೆ ಬಂದು ಹಾಗೇನೂ ಇಲ್ಲ ಎಂದರು. ಒಳ್ಳೆಯ ಸುದ್ದಿ ಎಂಬ ಕಾರಣಕ್ಕೆ ಅದು ನಿಜವಾಗಬೇಕೆಂದೇನಿಲ್ಲವಲ್ಲ.

ಲಾಭದ ಲೆಕ್ಕ ಇಲ್ಲಿ ಬಹಳ ಸರಳ. ಮೊದಲು ಹಾಕಿದವನಿಗೆ ಆ ದಿನದ ವೀಕ್ಷಣೆಯೆಲ್ಲ ಬರುತ್ತದೆ. ಸುಳ್ಳಾದರೆ ಡಿಲೀಟ್ ಒತ್ತಿದರಾಯಿತು. ಬದುಕಿರುವವರು ‘ನಾನು ಸತ್ತಿಲ್ಲ’ ಎಂದು ಕೋರ್ಟಿಗೆ ಹೋಗುವುದು ಅಪರೂಪ.

ಆದರೆ 2021ರ ಅಕ್ಟೋಬರ್ 29 ಕೂಡ ಇದೆ. ಅಂದು ಪುನೀತ್ ರಾಜ್‌ಕುಮಾರ್ ಅವರ ಸುದ್ದಿ ಆಸ್ಪತ್ರೆಯ ಪ್ರಕಟಣೆಗೂ ಮೊದಲೇ ವಾಟ್ಸ್ಆ್ಯಪಿಗೆ ಬಂದಿತ್ತು. 46 ವರ್ಷದ, ದಿನಾ ಜಿಮ್ ಮಾಡುವ ಮನುಷ್ಯ ಎಂದು ಸುಳ್ಳೆಂದವರೇ ಹೆಚ್ಚು. ಸುದ್ದಿ ನಿಜವಾಗಿತ್ತು. ಅಲ್ಲಿಂದ ಮುಂದೆ ಹುಟ್ಟಿದ್ದು ಮಾತ್ರ ಅಂತೆಕಂತೆಗಳ ಸಂತೆ: ಜಿಮ್ಮಿನಿಂದ ಆಯಿತಂತೆ, ಲಸಿಕೆಯಿಂದ ಆಯಿತಂತೆ, ಡಾಕ್ಟರು ತಡ ಮಾಡಿದರಂತೆ. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ಹಿಡಿದುಕೊಂಡು ಜನ ಸಾಲುಗಟ್ಟಿದರು. ಪುನೀತ್ ಅವರನ್ನು ಮೊದಲು ನೋಡಿದ ಕುಟುಂಬ ವೈದ್ಯರಿಗೆ ಪೊಲೀಸ್ ಕಾವಲು ಕೊಡಬೇಕಾಯಿತು. ಮೂಲ ಸುದ್ದಿ ನಿಜವಾದ ಮಾತ್ರಕ್ಕೆ ಅದರ ಬಾಲಕ್ಕೆ ಅಂಟಿಕೊಂಡು ಬಂದ ‘ಕಾರಣ’ಗಳೂ ನಿಜ ಎಂದು ಜನ ತಿಳಿಯುತ್ತಾರೆ. ಸಾವಿನ ಗಾಸಿಪ್ಪಿನಲ್ಲಿ ನಿಜವಾಗಿ ಹಾನಿ ಮಾಡುವುದು ಈ ಬಾಲವೇ.

ಹಾಗಾದರೆ ಅವರವರದೇ ಅಧಿಕೃತ ಖಾತೆ ನೋಡಿದರಾಯಿತಲ್ಲ ಎನ್ನಬಹುದು. 2024ರ ಫೆಬ್ರವರಿ 2ರಂದು ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರೆಂದು ಪ್ರಕಟವಾದದ್ದು ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ. ಮಾರನೇ ದಿನ ಅದೇ ಖಾತೆಯಲ್ಲಿ ಅವರೇ ಕಾಣಿಸಿಕೊಂಡು, ಜಾಗೃತಿಗಾಗಿ ಹೀಗೆ ಮಾಡಿದೆ ಎಂದರು. ಎತ್ತು ಈಯಿತು ಎಂದು ಎತ್ತಿನ ಯಜಮಾನನೇ ಸಾರಿದರೆ ಕೊಟ್ಟಿಗೆಯಲ್ಲಿ ಕರು ಕಟ್ಟುವವರನ್ನು ಬೈದು ಏನು ಪ್ರಯೋಜನ?

ಮದುವೆ, ಪ್ರೀತಿ, ಮುನಿಸಿನ ಸುದ್ದಿಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಗಾಸಿಪ್ ಅಂಕಣಗಳನ್ನು ಹೀಗಳೆಯುವವರಿಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಈ ಬಗೆಯಲ್ಲಿ ಅವು ಸಾಕಷ್ಟು ಸಲ ಸರಿಯಾಗಿಯೇ ಹೇಳಿವೆ. ಯಶ್ ಮತ್ತು ರಾಧಿಕಾ ಪಂಡಿತ್ ಜೋಡಿಯ ಬಗ್ಗೆ ಗಾಂಧಿನಗರದಲ್ಲಿ ವರ್ಷಗಟ್ಟಲೆ ಗುಸುಗುಸು ಇತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. 2016ರ ಆಗಸ್ಟ್‌ನಲ್ಲಿ ಗೋವಾದಲ್ಲಿ ನಿಶ್ಚಿತಾರ್ಥ, ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮದುವೆ. 2017ರ ಡಿಸೆಂಬರ್‌ನಲ್ಲಿ ಅನುಷ್ಕಾ ಶರ್ಮಾ, ವಿರಾಟ್ ಕೊಹ್ಲಿ ಇಟಲಿಯಲ್ಲಿ ಮದುವೆಯಾಗುತ್ತಾರಂತೆ ಎಂಬ ಸುದ್ದಿಯನ್ನು ನಟಿಯ ವಕ್ತಾರರು ಖಡಾಖಂಡಿತವಾಗಿ ಅಲ್ಲಗಳೆದರು. ಆ ಮಾತು ಆರುವ ಮೊದಲೇ, ಡಿಸೆಂಬರ್ 11ಕ್ಕೆ, ಇಟಲಿಯಲ್ಲೇ ತಾಳಿ ಬಿತ್ತು.

ಇದಕ್ಕೆ ಕಾರಣ ಇಷ್ಟೇ: ಮದುವೆ ಗುಟ್ಟಾಗಿ ಉಳಿಯುವ ಸಂಗತಿಯಲ್ಲ. ಮೇಕಪ್‌ನವರು, ಡ್ರೈವರ್, ಹೋಟೆಲಿನ ಹುಡುಗರು, ಸೀರೆ ನೇಯಿಸಿಕೊಟ್ಟವರು, ಅಡುಗೆ ಗುತ್ತಿಗೆಯವರು, ಕಲ್ಯಾಣಮಂಟಪದ ಮ್ಯಾನೇಜರ್, ಹೀಗೆ ಹತ್ತು ಕಡೆ ಕಿಂಡಿಗಳಿರುತ್ತವೆ. ಕಣ್ಣಾರೆ ಕಂಡವರು ಹೆಚ್ಚಿದ್ದಷ್ಟೂ ಸುದ್ದಿಗೆ ಬಲ ಹೆಚ್ಚು. ಅಲ್ಲಗಳೆಯುವವರಿಗೋ, ಅಲ್ಲಗಳೆಯಲು ನೂರು ಕಾರಣ: ಜಾಹೀರಾತು ಒಪ್ಪಂದ, ಮನೆಯವರ ಒಪ್ಪಿಗೆ, ಬಿಡುಗಡೆಗೆ ಕಾದ ಸಿನಿಮಾ, ಇಲ್ಲವೇ ತಮ್ಮ ಪಾಡಿಗೆ ತಾವು ಇರಬೇಕೆಂಬ ಆಸೆ. ಅದು ಅವರ ಹಕ್ಕೂ ಹೌದು. ಹಾಗಾಗಿ ‘ಅವರೇ ಇಲ್ಲ ಅಂದಿದ್ದಾರಲ್ಲ’ ಎಂಬುದು ಸಾಕ್ಷಿಯಾಗುವುದಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ಸರಕಿದೆ, ನೆಟ್ಟು ಬೆಳೆಸಿದ ಗಾಸಿಪ್. ಹೀರೋ ಹೀರೋಯಿನ್ ನಡುವೆ ‘ಏನೋ ನಡೀತಿದೆ’ ಎಂಬ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಅವರ ಸಿನಿಮಾದ ಬಿಡುಗಡೆ ದಿನಾಂಕವನ್ನು. ಟ್ರೇಲರ್ ಬಂದು, ಹಾಡು ಬಂದು, ಟಿಕೆಟ್ ಬುಕಿಂಗ್ ತೆರೆಯುವ ಹೊತ್ತಿಗೆ ಸರಿಯಾಗಿ ಇಂಥ ಸುದ್ದಿ ಬಂದರೆ ಅದರ ಮೂಲ ಪ್ರಚಾರದವರ ಲ್ಯಾಪ್‌ಟಾಪಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಸಿನಿಮಾ ಥಿಯೇಟರಿನಿಂದ ಇಳಿದ ಮೇಲೆ ಆ ಪ್ರೀತಿಯೂ ಇಳಿಯುತ್ತದೆ. ನಾಯಕನ ಸಂಭಾವನೆ ಏರಿತು, ಚಿತ್ರ ಇಷ್ಟು ಕೋಟಿ ಗಳಿಸಿತು ಎಂಬ ಸುದ್ದಿಗಳೂ ಇದೇ ಗದ್ದೆಯ ಬೆಳೆ. ಗಳಿಕೆಯ ಲೆಕ್ಕವನ್ನು ನಿರ್ಮಾಪಕರು ತಮ್ಮ ಬಾಯಿಂದ ಹೇಳುವಾಗ ಒಂದು, ತೆರಿಗೆಯವರ ಮುಂದೆ ಕೂತಾಗ ಇನ್ನೊಂದು ಎಂಬ ಹಳೆಯ ಚಟಾಕಿಯನ್ನು ಯಾರಾದರೂ ಸುಮ್ಮನೆ ಕಟ್ಟಿರಲಿಕ್ಕಿಲ್ಲ.

ಕೋರ್ಟಿನಲ್ಲಿ ಗೆದ್ದರೆ ಗಾಸಿಪ್ ಸುಳ್ಳೆಂದು ಸಾಬೀತಾದಂತೆಯೇ? ಅದೂ ಇಲ್ಲ. ಪಿಯಾನೊ ವಾದಕ ಲಿಬರಾಚಿ ಸಲಿಂಗಕಾಮಿ ಎಂಬರ್ಥ ಬರುವಂತೆ ಬರೆದದ್ದಕ್ಕೆ ಲಂಡನ್ನಿನ ಡೈಲಿ ಮಿರರ್ ಪತ್ರಿಕೆ 1959ರಲ್ಲಿ 8,000 ಪೌಂಡ್ ಪರಿಹಾರ ತೆರಬೇಕಾಯಿತು. ಸಲಿಂಗಕಾಮ ಅಲ್ಲಿ ಅಪರಾಧವಾಗಿದ್ದ ಕಾಲ. ಆತ ಸಾಕ್ಷಿಕಟ್ಟೆಯಲ್ಲಿ ನಿಂತು ಅಲ್ಲ ಎನ್ನದೆ ಬೇರೆ ದಾರಿ ಇರಲಿಲ್ಲ. 1987ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಪತ್ರಿಕೆ ಬರೆದದ್ದು ನಿಜವೇ ಆಗಿತ್ತು ಎಂಬುದು ಜಗಜ್ಜಾಹೀರಾಯಿತು. ಪತ್ರಿಕೆ ಬರೆದದ್ದು ನಿಜ, ಬರೆದದ್ದು ಹೊಲಸು ಕೆಲಸ ಎನ್ನುವುದೂ ನಿಜ.

ದುರ್ಗದ ಹುಡುಗನಿಗೆ ಅಂಟಿದ ಗುಂಡು

ಕನ್ನಡ ಚಿತ್ರರಂಗದಲ್ಲಿ ಅತಿ ದೀರ್ಘಾಯುಷಿಯಾದ ಗಾಳಿಸುದ್ದಿ ಯಾವುದು ಎಂದು ಕೇಳಿದರೆ ನಾನು ಯೋಚಿಸದೆ ಹೇಳುವುದು ‘ಗಂಧದ ಗುಡಿ’ಯ ಬಂದೂಕನ್ನು. ಚಿತ್ರದುರ್ಗದವರಿಗೆ ಈ ಕಥೆ ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ವಿಷ್ಣುವರ್ಧನ್ ಎಂಬ ನಟನನ್ನು ಮನೆಮನೆಗೆ ಮುಟ್ಟಿಸಿದ ‘ನಾಗರಹಾವು’ 1972ರಲ್ಲಿ ಚಿತ್ರೀಕರಣವಾದದ್ದು ಇಲ್ಲಿನ ಕಲ್ಲಿನ ಕೋಟೆಯಲ್ಲಿ. ಕಥೆ ಬರೆದ ತ.ರಾ.ಸು. ದುರ್ಗದ ನಂಟಿನವರು. ಇವತ್ತಿಗೂ ಕೋಟೆ ಹತ್ತಿದವರು ಯಾವ ಬಂಡೆಯ ಮೇಲೆ ರಾಮಾಚಾರಿ ನಿಂತಿದ್ದ ಎಂದು ಹುಡುಕುತ್ತಾರೆ.

ಮರುವರ್ಷವೇ, 1973ರಲ್ಲಿ, ಆ ಹುಡುಗ ರಾಜ್‌ಕುಮಾರ್ ಅವರ 150ನೇ ಚಿತ್ರ ‘ಗಂಧದ ಗುಡಿ’ಯಲ್ಲಿ ಎದುರಾಳಿ ಪಾತ್ರಕ್ಕೆ ನಿಂತ. ಎಂ.ಪಿ. ಶಂಕರ್ ನಿರ್ಮಾಣದ ಆ ಚಿತ್ರದ ಚಿತ್ರೀಕರಣದಲ್ಲಿ ಬಳಸಿದ ಬಂದೂಕಿನಲ್ಲಿ ನಿಜವಾದ ತೋಟಾ ಇತ್ತು ಎಂಬ ಸುದ್ದಿ ಹೊರಬಿತ್ತು. ತೋಟಾ ಹೇಗೆ ಬಂತು, ಯಾರು ಗಮನಿಸಿದರು ಎಂಬುದನ್ನು ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಚಿತ್ರೀಕರಣದಲ್ಲಿ ಎಚ್ಚರ ತಪ್ಪಿದ ಸಂಗತಿ ಎಂದು ಮುಗಿಯಬೇಕಿದ್ದ ಮಾತು ಅಭಿಮಾನಿಗಳ ಬಾಯಲ್ಲಿ ‘ವಿಷ್ಣು ಅಣ್ಣಾವ್ರನ್ನ ಕೊಲ್ಲೋಕೆ ಹೋಗಿದ್ದ’ ಎಂದಾಯಿತು. ಇಪ್ಪತ್ಮೂರು ದಾಟದ, ನಾಯಕನಾಗಿ ಒಂದೇ ಚಿತ್ರ ಗೆದ್ದಿದ್ದ ಹುಡುಗ, ನಾಡಿನ ಆರಾಧ್ಯ ನಟನನ್ನು ನೂರು ಜನರ ಎದುರು ಗುಂಡಿಟ್ಟು ಕೊಲ್ಲಲು ಹೊರಟ ಎನ್ನುವುದನ್ನು ತಣ್ಣಗೆ ಕೂತು ಯೋಚಿಸಿದರೆ ಯಾರೂ ನಂಬುವಂತಿಲ್ಲ. ಆದರೆ ತಣ್ಣಗೆ ಕೂತವರು ಯಾರು?

ಯಾವ ಪೊಲೀಸ್ ದೂರಿನ ಬಲವೂ ಇಲ್ಲದೆ, ಹೆಸರು ಹೇಳಿ ಜವಾಬ್ದಾರಿ ಹೊತ್ತ ಒಬ್ಬ ಸಾಕ್ಷಿಯೂ ಇಲ್ಲದೆ ಈ ಮಾತು ದಶಕಗಟ್ಟಲೆ ಬದುಕಿತು. ಇಬ್ಬರೂ ಮತ್ತೆ ಒಂದೇ ಚಿತ್ರದಲ್ಲಿ ನಟಿಸಲಿಲ್ಲ ಎಂಬುದು ಅದಕ್ಕೆ ಹೊಸ ಉಸಿರು ಕೊಟ್ಟಿತು. ನಟಿಸದಿರಲು ಗಾಳಿಸುದ್ದಿಯೇ ಕಾರಣವಾಗಿರಬಹುದು ಎಂಬ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಗಾಳಿಸುದ್ದಿ ಒಂದು ಪರಿಣಾಮವನ್ನು ಹುಟ್ಟಿಸುತ್ತದೆ, ಆಮೇಲೆ ಆ ಪರಿಣಾಮವನ್ನೇ ತನ್ನ ಸಾಕ್ಷಿಯಾಗಿ ತೋರಿಸುತ್ತದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಇಲ್ಲಿ ಹೊಗೆಯೇ ಮೊದಲು, ಬೆಂಕಿ ಹತ್ತಿದ್ದು ಆಮೇಲೆ, ಅಭಿಮಾನಿ ಸಂಘಗಳ ಬೀದಿಜಗಳದಲ್ಲಿ. ರಾಜ್‌ಕುಮಾರ್ 2006ರಲ್ಲಿ ಹೋದರು, ವಿಷ್ಣುವರ್ಧನ್ 2009ರಲ್ಲಿ ಹೋದರು. ಆ ಬಂದೂಕು ಇನ್ನೂ ಯೂಟ್ಯೂಬ್ ವಿಡಿಯೊಗಳ ತಲೆಬರಹದಲ್ಲಿ ಸಿಡಿಯುತ್ತಲೇ ಇದೆ.

ದಾವಣಗೆರೆ ಮೊದಲಿನಿಂದಲೂ ಕಲಾವಿದರ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರು. ಕಂಪನಿ ನಾಟಕದ ಕಾಲದಲ್ಲಿ ನಟನಟಿಯರ ಬಗ್ಗೆ ಊರು ಮಾತಾಡುತ್ತಿರಲಿಲ್ಲವೇ? ಧಾರಾಳವಾಗಿ ಆಡುತ್ತಿತ್ತು, ಕೆಟ್ಟದಾಗಿಯೂ ಆಡುತ್ತಿತ್ತು. ಆದರೆ ಹೇಳುವವನ ಮುಖ ಗೊತ್ತಿರುತ್ತಿತ್ತು. ‘ಅವನಾ? ಕ್ಯಾಂಪಿನಲ್ಲಿ ಗೇಟ್ ಕಾಯ್ತಿದ್ದೋನು, ಬಿಡು’ ಎಂದು ಮಾತಿಗೆ ಬೆಲೆ ಕಟ್ಟಬಹುದಿತ್ತು. ಈಗ ಹೇಳುವವನಿಗೆ ಮುಖವೂ ಇಲ್ಲ, ಎಷ್ಟೋ ಸಲ ದನಿಯೂ ಯಂತ್ರದ್ದೇ.

ಎಂಟು ನಿಮಿಷದ ಲೆಕ್ಕ

ದಾವಣಗೆರೆಯ ಪಿ.ಜೆ. ಬಡಾವಣೆಯ ಕಡೆಯ ಒಂದು ಕಟಿಂಗ್ ಶಾಪಿನಲ್ಲಿ ಕೇಳಿಸಿಕೊಂಡ ಮಾತಿದು. ಕತ್ತರಿ ಹಿಡಿದ ಹುಡುಗ, ಕನ್ನಡಿಗೆ ಒರಗಿಸಿಟ್ಟ ಮೊಬೈಲಿನ ಕಡೆ ಗದ್ದ ತೋರಿಸಿ, ‘ನೋಡಣ್ಣ, ಡೈವೋರ್ಸ್ ಪಕ್ಕಾ ಅಂತೆ’ ಎಂದ.

ಕುರ್ಚಿಯಲ್ಲಿ ಕೂತಿದ್ದವರು, ‘ಯಾರು ಹೇಳಿದ್ರೋ ತಮ್ಮಾ?’ ಎಂದರು.

‘ಫೋಟೋನೇ ಐತಲ್ಲಣ್ಣ, ಅಳ್ತಾವ್ಳೆ.’

‘ಅದು ಅವರಪ್ಪ ತೀರ್ಕೊಂಡಾಗಿಂದು ಕಣಲೇ. ನಾನೂ ಟೀವೀಲಿ ನೋಡಿದ್ದೆ.’

ಹುಡುಗ ಒಂದು ಗಳಿಗೆ ಸುಮ್ಮನಾದ. ‘ಆದ್ರೂ ಅಣ್ಣ, ಸುಮ್ ಸುಮ್ನೆ ಹಾಕ್ತಾರಾ?’ ಎಂದು ಮತ್ತೆ ಕತ್ತರಿ ಆಡಿಸತೊಡಗಿದ.

ಹಾಕುತ್ತಾರೆ. ಸುಮ್ಮನೆ ಅಲ್ಲ, ದುಡ್ಡಿಗೆ. ಅಂಥ ಒಂದು ವಿಡಿಯೊ ಹೇಗೆ ಕಟ್ಟಿರುತ್ತಾರೆ ಎಂಬುದನ್ನು ಗಮನವಿಟ್ಟು ನೋಡಿದರೆ ವಿಷಯ ತಾನೇ ಬಿಡಿಸಿಕೊಳ್ಳುತ್ತದೆ. ಹೊರಗಿನ ಚಿತ್ರದಲ್ಲಿ ಕಣ್ಣೀರು, ಕೆಂಪು ಬಾಣ, ‘ಕೊನೆಗೂ ಬಯಲಾಯ್ತಾ ಸತ್ಯ?’ ಎಂಬ ಹಳದಿ ಅಕ್ಷರ. ಆ ಪ್ರಶ್ನಾರ್ಥಕ ಚಿಹ್ನೆಯೇ ಅವರ ವಕೀಲ. ಒಳಗೆ ಹೋದರೆ ಮೊದಲ ಎರಡು ನಿಮಿಷ ‘ನಮಸ್ಕಾರ ವೀಕ್ಷಕರೇ’ಯಿಂದ ಶುರುವಾಗಿ ಆ ನಟ ಹುಟ್ಟಿದ ಊರು, ಮೊದಲ ಸಿನಿಮಾ, ಪ್ರೀತಿ, ಮದುವೆ. ಮುಂದಿನ ಮೂರು ನಿಮಿಷ ಹಳೆಯ ಸಂದರ್ಶನಗಳ ತುಣುಕು, ಹಿಂದೆ ವಿಷಾದದ ಕೊಳಲು. ಆರನೇ ನಿಮಿಷಕ್ಕೆ ಸುದ್ದಿ ಬರುತ್ತದೆ: ಆಕೆ ಇನ್‌ಸ್ಟಾಗ್ರಾಂನಿಂದ ಒಂದು ಫೋಟೊ ತೆಗೆದಿದ್ದಾಳೆ ‘ಎನ್ನಲಾಗುತ್ತಿದೆ’. ಉಳಿದ ಎರಡು ನಿಮಿಷ, ‘ಇದು ಎಷ್ಟು ನಿಜ ಎಷ್ಟು ಸುಳ್ಳು ಗೊತ್ತಿಲ್ಲ, ನಿಮ್ಮ ಅಭಿಪ್ರಾಯ ಕಾಮೆಂಟ್ ಮಾಡಿ’. ನಮ್ಮ ಮಂಡಕ್ಕಿ ಭಟ್ಟಿಯವರೂ ಹಿಡಿ ಅಕ್ಕಿಯನ್ನು ಇಷ್ಟು ಉಬ್ಬಿಸಲಾರರು.

ಎಂಟು ನಿಮಿಷವೇ ಏಕೆ ಎಂದರೆ, 2020ರಿಂದ ಯೂಟ್ಯೂಬ್ ಎಂಟು ನಿಮಿಷ ದಾಟಿದ ವಿಡಿಯೊದ ನಡುವೆ ಜಾಹೀರಾತು ತೂರಿಸಲು ಬಿಡುತ್ತದೆ. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಇಲ್ಲವೇ ಕಿರು ವಿಡಿಯೊಗಳಿಗೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಊರಿನ ನೀರಿನ ಸಮಸ್ಯೆ, ಮೆಕ್ಕೆಜೋಳದ ದರದ ವಿಡಿಯೊ ಹಾಕಿ ಈ ಗಂಟೆಗಳನ್ನು ಕೂಡಿಸುವುದು ಎಷ್ಟು ಕಷ್ಟ ಎಂದು ಪ್ರಯತ್ನಿಸಿದವರಿಗೇ ಗೊತ್ತು. ನಟಿಯ ಕಣ್ಣೀರಿಗೆ ಅಷ್ಟು ಕಷ್ಟ ಇಲ್ಲ. ಇಲ್ಲಿ ಸುದ್ದಿ ನಿಜವಾದರೂ ಅಷ್ಟೇ ದುಡ್ಡು, ಸುಳ್ಳಾದರೂ ಅಷ್ಟೇ ದುಡ್ಡು. ಪರಿಶೀಲಿಸಲು ಖರ್ಚು ಮಾಡಿದವನಿಗೆ ಮಾತ್ರ ನಷ್ಟ.

ಅಭಿಮಾನವೂ ಈ ವ್ಯಾಪಾರದ ಬಂಡವಾಳವೇ. 2023ರ ನವೆಂಬರ್‌ನಲ್ಲಿ ಬೇರೊಬ್ಬ ಯುವತಿಯ ದೇಹಕ್ಕೆ ರಶ್ಮಿಕಾ ಮಂದಣ್ಣ ಅವರ ಮುಖ ಕೂಡಿಸಿದ ಡೀಪ್‌ಫೇಕ್ ವಿಡಿಯೊ ದೇಶವನ್ನೇ ಬೆಚ್ಚಿಬೀಳಿಸಿತು. ಮರುವರ್ಷದ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದಲ್ಲಿ ಹಿಡಿದ ಯುವಕ ರಶ್ಮಿಕಾ ಅವರದೇ ಅಭಿಮಾನಿ ಪುಟ ನಡೆಸುತ್ತಿದ್ದ. ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಮಾಡಿದ್ದಾನೆ ಎಂದು ಪೊಲೀಸರು ಹೇಳಿದರು.

‘ಪೊಲೀಸ್ ಮೂಲಗಳ ಪ್ರಕಾರ’

ಇನ್ನುಳಿದದ್ದು ಅಪರಾಧ ಪ್ರಕರಣಗಳ ಗಾಸಿಪ್. ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುವುದು ಇದು. ಏಕೆಂದರೆ ಇದು ಗಾಸಿಪ್ಪಿನ ವೇಷದಲ್ಲಿ ಬರುವುದಿಲ್ಲ, ಖಾಕಿ ತೊಟ್ಟು ಬರುತ್ತದೆ. ತನಿಖೆ ಮಾಡುವವರಿಗೆ ತಮ್ಮ ಕೇಸು ಗಟ್ಟಿಯೆಂದು ತೋರಿಸುವ ಅವಸರ, ಚಾನೆಲ್ಲಿಗೆ ರಾತ್ರಿ ಒಂಬತ್ತರ ಅವಸರ. ಜೈಲಿನಲ್ಲಿ ಕೂತವರು ತಿರುಗಿ ಮಾತಾಡುವಂತಿಲ್ಲ. ಸೋರಿಕೆಯ ಒಂದು ತುಣುಕು ನಿಜವೇ ಇರಬಹುದು; ಅದರ ಹಿಂದಿನ ಮುಂದಿನ ತುಣುಕನ್ನು ಯಾರು ಬಚ್ಚಿಟ್ಟರು ಎಂಬುದು ನಮಗೆ ಕಾಣುವುದಿಲ್ಲ.

ಸುಶಾಂತ್ ಸಿಂಗ್ ರಜಪೂತ್ 2020ರ ಜೂನ್ 14ರಂದು ಮೃತಪಟ್ಟ ಮೇಲೆ ರಿಯಾ ಚಕ್ರವರ್ತಿಯನ್ನು ಟೀವಿ ವಿಚಾರಣೆ ನಡೆಸಿ, ಶಿಕ್ಷೆಯನ್ನೂ ಕೊಟ್ಟು ಮುಗಿಸಿತ್ತು. ಮಾದಕವಸ್ತು ಪ್ರಕರಣದಲ್ಲಿ ಅವರು ಸುಮಾರು ತಿಂಗಳು ಜೈಲಿನಲ್ಲಿದ್ದರು. ಸುಶಾಂತ್ ಬರೆದದ್ದೆಂದು ನಕಲಿ ಟ್ವೀಟ್‌ಗಳನ್ನು ಬಿತ್ತರಿಸಿದ ಆಜ್ ತಕ್ ವಾಹಿನಿಗೆ ಸುದ್ದಿವಾಹಿನಿಗಳ ಸ್ವಯಂನಿಯಂತ್ರಣ ಪ್ರಾಧಿಕಾರ ಹಾಕಿದ ದಂಡ 1 ಲಕ್ಷ ರೂಪಾಯಿ, ಜೊತೆಗೆ ಕ್ಷಮೆ ಕೇಳುವಂತೆ ಆದೇಶ. 2025ರ ಮಾರ್ಚ್‌ನಲ್ಲಿ ಸಿಬಿಐ ಸಾವಿನ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿತು. ಅದನ್ನು ಎಷ್ಟು ವಾಹಿನಿಗಳು ರಾತ್ರಿಯಿಡೀ ಚರ್ಚಿಸಿದವು? ನಮ್ಮಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ರಾಗಿಣಿ ದ್ವಿವೇದಿ, ಸಂಜನಾ ಗಲ್ರಾನಿ ಬಂಧನವಾದಾಗ ಪೊಲೀಸ್ ಜೀಪಿನ ಹಿಂದೆ ಕ್ಯಾಮೆರಾಗಳ ಜಾತ್ರೆ. ವರ್ಷಗಳ ನಂತರ ಹೈಕೋರ್ಟಿನಲ್ಲಿ ಇಬ್ಬರ ಮೇಲಿನ ಪ್ರಕರಣವೂ ರದ್ದಾದಾಗ ಅದು ಒಳಪುಟದ ಸುದ್ದಿ. ದಾವಣಗೆರೆಯಲ್ಲಿ ಎಲ್ಲರಿಗೂ ಆ ಬಂಧನ ನೆನಪಿದೆ. ರದ್ದಾದದ್ದು ಗೊತ್ತಿರುವವರು ಸಿಕ್ಕರೆ ಹೇಳಿ.

2024ರ ಜೂನ್‌ನಲ್ಲಿ ಕ್ಯಾಮೆರಾಗಳು ಚಿತ್ರದುರ್ಗಕ್ಕೇ ಬಂದವು. ಇಲ್ಲಿನ ಯುವಕನನ್ನು ಬೆಂಗಳೂರಿಗೆ ಕರೆದೊಯ್ದು ಕೊಂದ ಆರೋಪದಲ್ಲಿ ನಟ ದರ್ಶನ್ ಜೂನ್ 11ರಂದು ಬಂಧನಕ್ಕೊಳಗಾದರು. ನಟನ ಗೆಳತಿ ಪವಿತ್ರಾ ಗೌಡ ಅವರಿಗೆ ಆ ಯುವಕ ಅಶ್ಲೀಲ ಸಂದೇಶ ಕಳಿಸುತ್ತಿದ್ದ ಎಂಬುದೇ ಕೊಲೆಗೆ ಕಾರಣ ಎಂದು ಪೊಲೀಸರ ಆರೋಪ. ಆರೋಪಿಗಳಲ್ಲಿ ಚಿತ್ರದುರ್ಗದವರೂ, ಅಭಿಮಾನಿ ಸಂಘದವರೂ ಇದ್ದಾರೆ. ಪ್ರಕರಣ ಇನ್ನೂ ವಿಚಾರಣೆಯಲ್ಲಿರುವುದರಿಂದ ಯಾರು ಏನು ಮಾಡಿದರು ಎಂಬ ತೀರ್ಪನ್ನು ನಾನು ಕೊಡಲಾರೆ. ಆದರೆ ಆ ತಿಂಗಳು ದುರ್ಗದಲ್ಲಿ ಸುದ್ದಿ ಹೇಗೆ ಓಡಿತು ಎಂಬುದನ್ನು ಹೇಳಬಹುದು. ಮೃತನ ಮನೆಯ ಬೀದಿಯಲ್ಲಿ ವಾಹಿನಿಗಳ ಗಾಡಿಗಳು ಸಾಲಾಗಿ ನಿಂತವು. ಮಗನನ್ನು ಕಳಕೊಂಡವರ ಮುಖಕ್ಕೆ ಮೈಕು. ಅವನ ಮೊಬೈಲಿನಲ್ಲಿ ಏನಿತ್ತು, ಅವನು ಎಂಥವನು ಎಂಬುದರ ಮೇಲೆ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಮಾತು. ಒಂದು ಕಡೆಯವರಿಗೆ ಅವನು ಸಾಯಲೇಬೇಕಿದ್ದ ಪುಂಡ, ಇನ್ನೊಂದು ಕಡೆಯವರಿಗೆ ಏನೂ ಅರಿಯದ ದೇವರಂಥವನು. ಸತ್ತವನ ಬಗ್ಗೆ ಹಬ್ಬುವ ಗಾಸಿಪ್ಪಿಗೆ ಅಲ್ಲಗಳೆಯುವ ವಕ್ತಾರರೂ ಇರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ನಟನ ಸಂಸಾರದ ವಿಷಯ ಆ ಹೊತ್ತಿಗೆ ಗಾಳಿಸುದ್ದಿಯಾಗಿ ಉಳಿದಿರಲಿಲ್ಲ. ಅದೇ ಜನವರಿಯಲ್ಲಿ ಸಂಬಂಧಪಟ್ಟವರೇ ಇನ್‌ಸ್ಟಾಗ್ರಾಂನಲ್ಲಿ ಬಹಿರಂಗವಾಗಿ ಬರೆದುಕೊಂಡಿದ್ದರು. ಗಾಸಿಪ್ ನಿಜವಾಗಿತ್ತು, ಸರಿ. ಅದರ ಮೇಲೆ ಸಾವಿರಾರು ಅಭಿಮಾನಿಗಳು ‘ಅತ್ತಿಗೆ’ಯ ಪರ, ವಿರುದ್ಧ ಎಂದು ಪಾಳಿ ಹಚ್ಚಿ ನಿಂತದ್ದು ಸುದ್ದಿ ಸುಳ್ಳಾಗಿದ್ದರಿಂದಲ್ಲ. ಅಣ್ಣ, ಅತ್ತಿಗೆ, ದೇವರು ಎಂದು ಕರೆದು ಕರೆದು ನಟನ ಮನೆ ನಮ್ಮದೇ ಮನೆ ಎಂದುಕೊಂಡದ್ದರಿಂದ. ಸತ್ಯಾಸತ್ಯತೆ ಪರೀಕ್ಷಿಸಿ ಎಂದು ಬೋಧಿಸುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಆರೋಪಪಟ್ಟಿ ಸೆಪ್ಟೆಂಬರ್‌ನಲ್ಲಿ ಸಲ್ಲಿಕೆಯಾಯಿತು, 3,991 ಪುಟ. ಅದರೊಳಗಿನ ಫೋಟೊ, ಹೇಳಿಕೆಗಳು ವಾಹಿನಿಗಳಲ್ಲಿ ಹರಿದಾಡಲು ತೊಡಗಿದ್ದರಿಂದ, ಗೋಪ್ಯ ಮಾಹಿತಿಯನ್ನು ಪ್ರಸಾರ ಮಾಡಬಾರದೆಂದು ಹೈಕೋರ್ಟ್ ಮಾಧ್ಯಮಗಳಿಗೆ ತಡೆ ಹಾಕಿತು. ಅದಕ್ಕೂ ಕೆಲವೇ ದಿನ ಮೊದಲು, ಆಗಸ್ಟ್ ಕೊನೆಯಲ್ಲಿ, ಪರಪ್ಪನ ಅಗ್ರಹಾರದ ಜೈಲಿನ ಹುಲ್ಲುಹಾಸಿನ ಮೇಲೆ ನಟ ಸಿಗರೇಟು ಹಿಡಿದು ಕುರ್ಚಿಯಲ್ಲಿ ಕೂತ ಫೋಟೊ ಹೊರಬಂದಿತ್ತು. ಜೈಲಿನಲ್ಲಿ ರಾಜಾತಿಥ್ಯವಂತೆ ಎಂಬ ಗುಸುಗುಸು ನಿಜವಾಗಿತ್ತು. ನಿಜ ಎಂದು ಗೊತ್ತಾದದ್ದು ಫೋಟೊ ನೋಡಿ ಎನ್ನುವುದಕ್ಕಿಂತ, ಬೆನ್ನಿಗೇ ಜೈಲಧಿಕಾರಿಗಳನ್ನು ಅಮಾನತು ಮಾಡಿದ ಸರ್ಕಾರದ ಆದೇಶ ನೋಡಿ. ನಟನನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. ಫೋಟೊವನ್ನು ಯಾರು ಬೇಕಾದರೂ ಕಟ್ಟಬಹುದಾದ ಈ ಕಾಲದಲ್ಲಿ, ಅಧಿಕಾರಿಯೊಬ್ಬರ ಸಹಿ ಇರುವ ಅಮಾನತು ಆದೇಶವನ್ನು ಕಟ್ಟುವುದು ಅಷ್ಟು ಸುಲಭವಲ್ಲ.

ಕಾನೂನು ಏನು ಮಾಡುತ್ತದೆ ಎಂದು ಕೇಳಿದರೆ ಉತ್ತರ ಚಿಕ್ಕದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸೆರೆವಾಸ ಇದೆ. ಪ್ರೆಸ್ ಕೌನ್ಸಿಲ್ ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಅದೂ ಪತ್ರಿಕೆಗಳಿಗೆ ಮಾತ್ರ, ಯೂಟ್ಯೂಬ್ ಅದರ ಹೊಸ್ತಿಲ ಆಚೆ. ದುಡ್ಡಿದ್ದವರು ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ‘ನಮ್ಮ ಬಗ್ಗೆ ಮಾನಹಾನಿಕರವಾಗಿ ಪ್ರಕಟಿಸಬಾರದು’ ಎಂಬ ತಾತ್ಕಾಲಿಕ ತಡೆ ತರುತ್ತಾರೆ. ತಡೆ ಬಂತು ಎಂದರೆ ಸುದ್ದಿ ಸುಳ್ಳು ಎಂದಲ್ಲ, ಎದುರು ಪಕ್ಷದ ಮಾತು ಕೇಳುವ ಮೊದಲೇ ಕೊಟ್ಟದ್ದೂ ಇರುತ್ತದೆ. 2023ರಲ್ಲಿ ಅಮಿತಾಭ್ ಬಚ್ಚನ್ ಮೊಮ್ಮಗಳ ಆರೋಗ್ಯದ ಬಗ್ಗೆ ಸುಳ್ಳು ವಿಡಿಯೊ ಹಾಕಿದ ಚಾನೆಲ್‌ಗಳನ್ನು ದೆಹಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡು ವಿಡಿಯೊ ತೆಗೆಸಿತು. ಬಚ್ಚನ್ ಮನೆಯವರು ದೆಹಲಿಯ ಕೋರ್ಟಿನ ತನಕ ಹೋಗಬಲ್ಲರು. ಚಿತ್ರದುರ್ಗದ ಆ ಬೀದಿಯವರು ಎಲ್ಲಿಗೆ ಹೋಗಬೇಕು? ಮಾತಾಡುವ ಧೈರ್ಯ ಮಾಡಿದವರಿಗೂ ಸುಖವಿಲ್ಲ. 2025ರ ಜುಲೈನಲ್ಲಿ ಮೃತನ ಕುಟುಂಬಕ್ಕೆ ನ್ಯಾಯ ಸಿಗಬೇಕೆಂದು ಬರೆದ ರಮ್ಯಾ ಅವರಿಗೆ ಬಂದ ಅಶ್ಲೀಲ ಸಂದೇಶಗಳು ಎಷ್ಟೆಂದರೆ, 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಡಬೇಕಾಯಿತು.

ಇಷ್ಟೆಲ್ಲ ನೋಡಿದ ಮೇಲೆ ನಾನು ಇಟ್ಟುಕೊಂಡ ಅಳತೆ ಹೀಗಿದೆ. ಸಾವಿನ ಸುದ್ದಿಯಾದರೆ ಮನೆಯವರೋ ಆಸ್ಪತ್ರೆಯೋ ಹೇಳುವ ತನಕ ಬಾಯಿಗೆ ಬೀಗ. ಮದುವೆ ಸುದ್ದಿಯನ್ನು ಮುಕ್ಕಾಲು ಪಾಲು ನಂಬುತ್ತೇನೆ, ಸಿನಿಮಾ ಬಿಡುಗಡೆ ಹತ್ತಿರವಿದ್ದರೆ ಕಾಲು ಪಾಲಿಗೆ ಇಳಿಸುತ್ತೇನೆ. ವಿಚ್ಛೇದನದ ವಿಷಯ, ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹೋಗದ ಹೊರತು, ಕಟಿಂಗ್ ಶಾಪಿನ ಹುಡುಗನಿಗೇ ಬಿಟ್ಟದ್ದು. ಅಪರಾಧ ಪ್ರಕರಣವಾದರೆ ‘ಮೂಲಗಳು’ ಹೇಳಿದ್ದನ್ನು ಪಕ್ಕಕ್ಕಿಟ್ಟು ಕೋರ್ಟಿನ ಕಾಗದಕ್ಕೆ ಕಾಯುತ್ತೇನೆ. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ದರ್ಶನ್ ಅವರಿಗೆ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತಲ್ಲ, ಆ ದಿನ ‘ಜೈಲಿನಲ್ಲಿ ದರ್ಶನ್ ಕಣ್ಣೀರು?’ ಎಂಬ ವಿಡಿಯೊಗಳು ಸಾಲುಸಾಲಾಗಿ ಬಂದವು. ಜಾಮೀನು ಏಕೆ ರದ್ದಾಯಿತು ಎಂಬುದು ತೀರ್ಪಿನಲ್ಲಿ ಪುಟಗಟ್ಟಲೆ ಬರೆದಿದೆ, ಮತ್ತು ಆ ತೀರ್ಪು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಸಿಗುತ್ತದೆ.